ಕೂಡಿ ಹಾಡುವ ಭಾಗ್ಯ

ಜಾಸ್ ಎಂದೊಡನೆ ಕುಣಿತದ ಗದ್ದಲವೇ ನಿಮಗೆ ನೆನಪಾಗಬಹುದು. ಆದರೆ ಅದರ ಬೇರುಗಳಲ್ಲಿ ಅಮೆರಿಕದಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಅಳಲಿದೆ, ಪ್ರಾರ್ಥನೆಯಿದೆ. 1965ರಲ್ಲಿ ಡ್ಯೂಕ್ ಎಲಿಂಗ್ಟನ್ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕಥೀಡ್ರಲ್‌ನಲ್ಲಿ ಅದನ್ನು ದೇವಸ್ತುತಿಯಾಗಿಯೇ ಅರ್ಪಿಸಿದರು.

ಇದಕ್ಕೆ ಸಮೀಪದ ನಿದರ್ಶನ ನಮ್ಮ ನಾಡಿನಲ್ಲೂ ಉಂಟು. ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ, ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಹಾಗೂ ಅವರ ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಹೊರತಂದರು. ಭಕ್ತಿಯಲ್ಲಿ ಬೆಳೆದ ಕರ್ನಾಟಕ ಸಂಗೀತದ ನೆಲೆಯನ್ನು ರಮಾಮಣಿಯವರ ಕಂಠ ಬಿಡುವುದಿಲ್ಲ. ಸ್ಯಾಕ್ಸೊಫೋನ್ ಕೂಡ ತನ್ನ ನುಡಿಯನ್ನು ಮರೆಯುವುದಿಲ್ಲ. ಒಬ್ಬರನ್ನೊಬ್ಬರು ಆಲಿಸುವುದರಿಂದಲೇ ಅವರಿಬ್ಬರೂ ಒಂದಾಗುತ್ತಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಓಣಿಯಲ್ಲಿ ಬಾಳುತ್ತವೆ. ಆದರೂ ಬಲಿಪೂಜೆಗೆ ಯಾರ ಹಾಡು, ಡೋಲಕ್ಕೋ ಗಿಟಾರೋ ಎಂಬ ಪ್ರಶ್ನೆ ಎದ್ದರೆ ಮನಸ್ಸುಗಳು ಮುರಿಯುವುದುಂಟು. ಜನರ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನವಿರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಆ ಸ್ಥಾನವನ್ನು ನಾವು ಪರಸ್ಪರ ಬಿಟ್ಟುಕೊಡಬೇಕಾಗಿದೆ. ಮುಂದಿನ ಹಬ್ಬಕ್ಕೆ ಗಾನವೃಂದ ಕಟ್ಟುವಾಗ ಇಬ್ಬರನ್ನೂ ಜೊತೆಗೆ ಕೂರಿಸಿರಿ. ನುಡಿಸುವ ಮುನ್ನ ಒಬ್ಬರನ್ನೊಬ್ಬರು ಆಲಿಸಲಿ.