ಮಾತನಾಡದ ಯೋಸೇಫ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ತಪ್ಪು ತಿಳೀಬೇಡ್ರಿ. ತಂದೆಯಿಲ್ಲದೆ ಯೇಸು ಹುಟ್ಟಿದ ಅನ್ನೋದನ್ನ ಬಿ.ಎ. ಓದಿದ ನೀವೂ ನಂಬ್ತೀರಾ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಾನು ನಕ್ಕು, "ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳಿ" ಎಂದು ಮಾತು ತೇಲಿಸಿದೆ. ಅಂದು ಕೊಡಲಾಗದ ಉತ್ತರವನ್ನು ಇಂದು ಈ ಪತ್ರಿಕೆಯ ಮೂಲಕ ಒಪ್ಪಿಸುತ್ತಿದ್ದೇನೆ.

ನಮ್ಮ ಮನೆತನ ಬೀದರ ಜಿಲ್ಲೆಯದು. ನೌಕರಿಗಾಗಿ ಹೈದರಾಬಾದಿಗೆ ಬಂದ ಮೇಲೆ ನಮ್ಮ ಆರಾಧನೆ ತೆಲುಗಿನಲ್ಲಿ; ಮನೆಯ ಪ್ರಾರ್ಥನೆ ಮಾತ್ರ ತಂದೆಯವರು ಬಿಟ್ಟುಹೋದ ಕನ್ನಡ ಬೈಬಲಿನ ಮುಂದೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣ ಹೇಳುತ್ತೇವೆ. ಯೇಸು ಕನ್ನಿಕೆಯ ಮಗನೆಂದು ಸಾರುವ ಸಾಲು ಅದರಲ್ಲಿದೆ. ಆ ಸಾಲು ಬಂದಾಗ ಎರಡು ವರ್ಷ ನನ್ನ ತುಟಿ ಅಲ್ಲಾಡಲಿಲ್ಲ.

ಕಾರಣವಿಷ್ಟೇ. ಎರಡು ವರ್ಷಗಳ ಹಿಂದೆ, ಕ್ರಿಸ್‌ಮಸ್ಸಿಗೆ ಕೆಲವೇ ದಿನಗಳಿರುವಾಗ, ನಮ್ಮ ಎರಡನೆಯ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು. ಆ ವರ್ಷ ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ. ಮರುವರ್ಷವೂ ಕಟ್ಟಲಿಲ್ಲ. ದೇವರು ಕೂಸನ್ನು ಕೊಟ್ಟನೆಂಬ ಹಾಡಿಗೆ ನಾನು ಕಿವಿಗೊಡಲಾರದವನಾದೆ.

ಗುಮಾಸ್ತನಿಗೆ ದುಃಖವೂ ಒಂದು ಕಡತವೇ. ನಾಲ್ಕು ಸುವಾರ್ತೆಗಳನ್ನು ಮುಂದಿಟ್ಟುಕೊಂಡು ತಾಳೆ ನೋಡತೊಡಗಿದೆ. ಮಾರ್ಕನೂ ಯೋಹಾನನೂ ಹುಟ್ಟಿನ ಕಥೆಯನ್ನೇ ಹೇಳುವುದಿಲ್ಲ. ಮತ್ತಾಯನಲ್ಲಿ ಜೋಯಿಸರಿದ್ದಾರೆ, ಕುರುಬರಿಲ್ಲ. ಲೂಕನಲ್ಲಿ ಕುರುಬರಿದ್ದಾರೆ, ಜೋಯಿಸರಿಲ್ಲ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಹೆರೋದ ಅರಸನು ಬದುಕಿದ್ದ. ಆ ಅರಸ ಸತ್ತದ್ದು ಕ್ರಿ.ಪೂ. 4ರಲ್ಲೆಂದು ಹೆಚ್ಚಿನ ಚರಿತ್ರಕಾರರ ಮತ. ಲೂಕ ಹೇಳುವುದು ಕುರೇನ್ಯನ ಆಳಿಕೆಯ ಖಾನೇಷುಮಾರಿಯನ್ನು. ಕುರೇನ್ಯನ ಖಾನೇಷುಮಾರಿಯೆಂದು ಚರಿತ್ರೆ ಬಲ್ಲದ್ದು ಕ್ರಿ.ಶ. 6ರದು. ಡಿಸೆಂಬರ್ 25 ಎಂಬ ತಾರೀಖು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಇಂಥ ಕಡತ ನನ್ನ ಮೇಜಿಗೆ ಬಂದರೆ ಸಮಜಾಯಿಷಿ ಕೇಳಿ ಹಿಂದಿರುಗಿಸುತ್ತೇನೆ. ಮನಸ್ಸಿನಲ್ಲಿ ಹಾಗೆಯೇ ಹಿಂದಿರುಗಿಸಿಬಿಟ್ಟೆ.

ಹೀಗಿರಲು ಕಳೆದ ಡಿಸೆಂಬರಿನಲ್ಲಿ ಸಂಡೇಸ್ಕೂಲಿನ ನಾಟಕ ಬಂತು. ಗಂಡುಹುಡುಗರು ಸಾಲದೆ, ಒಂಬತ್ತು ವರ್ಷದ ನನ್ನ ಮಗಳಿಗೆ ಯೋಸೇಫನ ಪಾತ್ರ ಕೊಟ್ಟರು. ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು.

"ಅಪ್ಪಾ, ಮರಿಯಳಿಗೆ ಮಾತವ, ದೂತಗ ಮಾತವ, ಕುರುಬರಿಗೂ ಅವ. ಯೋಸೇಫಗ ಒಂದೂ ಇಲ್ಲ. ನಾ ಸುಮ್ಮ ನಿಂತು ಏನ್ ಮಾಡ್ಲಿ?"

ನಾಟಕ ಬರೆದವರು ಮರೆತಿರಬೇಕೆಂದು ಬೈಬಲ್ ತೆರೆದೆ. ಅವರು ಮರೆತಿರಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಯೋಸೇಫನ ಬಾಯಿಂದ ಬಂದ ಒಂದು ಮಾತೂ ಬರೆದಿಲ್ಲ! ಊಟದ ಪಂಕ್ತಿಯ ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಎದುರಿಸಿದವನು ಅವನೇ. ತನಗೆ ನಿಶ್ಚಯವಾದ ಹೆಣ್ಣು ಬಸುರಿಯೆಂದು ತಿಳಿದಾಗ, ಅವಳ ಮಾನ ಕಳೆಯದೆ ಗುಟ್ಟಾಗಿ ಬಿಟ್ಟುಬಿಡಬೇಕೆಂದು ಯೋಚಿಸಿದವನು. ಅವನಿಗೆ ಸಿಕ್ಕ ಸಮಜಾಯಿಷಿ ಒಂದು ಕನಸು ಮಾತ್ರ. ಯಾವ ಕಚೇರಿ ಕನಸನ್ನು ಪುರಾವೆಯೆಂದು ಒಪ್ಪೀತು? ಆದರೂ ಅವನು ಎದ್ದು ಮರಿಯಳನ್ನು ಮನೆಗೆ ಕರೆದುಕೊಂಡ. ಕೂಸಿಗೆ ಹೆಸರಿಟ್ಟ. ಹೆರೋದನ ಕತ್ತಿಗೆ ಅಂಜಿ, ರಾತ್ರೋರಾತ್ರಿ ತಾಯಿ-ಮಗುವನ್ನು ಐಗುಪ್ತ ದೇಶಕ್ಕೆ ದಾಟಿಸಿದ. ಬೇತ್ಲೆಹೇಮಿನಲ್ಲಿ ಉಳಿದ ಎಳೆಯ ಗಂಡುಕೂಸುಗಳು ಸತ್ತದ್ದನ್ನು ಮತ್ತಾಯ ಮುಚ್ಚಿಡುವುದಿಲ್ಲ. ಸಮಾಧಾನ ಬೇಡವೆಂದು ಅತ್ತ ತಾಯಿಯೊಬ್ಬಳ ಹಳೆಯ ಮಾತನ್ನು ಅಲ್ಲಿಯೇ ನೆನೆಯುತ್ತಾನೆ. ನಾನು ಎರಡು ವರ್ಷ ಓದಲಾರದೆ ಬಿಟ್ಟಿದ್ದ ಪುಟ ಅದು.

ಓದುತ್ತ ನಾಚಿಕೆಯಾಯಿತು. ಸಂಶಯಪಟ್ಟದ್ದಕ್ಕಲ್ಲ. ಸಂಶಯದ ನೆಪದಲ್ಲಿ ನಾನು ಹೆಂಡತಿಯನ್ನು ಗುಟ್ಟಾಗಿ ಬಿಟ್ಟಿದ್ದೆ. ಮನೆಯಲ್ಲಿಯೇ ಇದ್ದೆ, ಸಂಬಳ ತಂದುಕೊಟ್ಟೆ. ಆದರೆ ಆ ಕೂಸಿಗಾಗಿ ಅವಳು ಒಬ್ಬಳೇ ಅತ್ತಳು, ಒಬ್ಬಳೇ ಪ್ರಾರ್ಥಿಸಿದಳು.

ಮಗಳಿಗೆ ಹೇಳಿದೆ: "ಸುಮ್ಮ ನಿಲ್ಲಬ್ಯಾಡವ್ವ. ಮರಿಯಳ ಕೈಯಾಗಿನ ಗಂಟು ನೀ ಹಿಡ್ಕೊ." ನಾಟಕದ ದಿನ ಅವಳು ಆ ಬಟ್ಟೆಗಂಟನ್ನು ಎರಡೂ ಕೈಯಿಂದ ಅವುಚಿಕೊಂಡು, ಕೊನೆಯವರೆಗೂ ಕೆಳಗಿಡಲಿಲ್ಲ.

ಹೆಂಡತಿಗೆ ಬಹುದಿನಗಳಿಂದ ಮೇದಕಿನ ಚರ್ಚಿಗೆ ಹೋಗುವ ಆಸೆ. ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರ್. ಬರಗಾಲದಲ್ಲಿ ಹಸಿದು ಬಂದ ಜನರಿಗೆ ಕೆಲಸ ಕೊಟ್ಟು, ಕೂಲಿಗೆ ಕಾಳು ಅಳೆದು, ಪಾಸ್ನೆಟ್ ಎಂಬ ಪಾದ್ರಿಗಳು ಕಟ್ಟಿಸಿದ ಚರ್ಚು ಅದು; 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಕ್ರಿಸ್‌ಮಸ್ಸಿನ ನಸುಕಿನಲ್ಲಿ ನಾವು ಒಳಹೊಕ್ಕಾಗ ಯೇಸುವಿನ ಜನನದ ಬಣ್ಣದ ಗಾಜಿನ ಕಿಟಕಿ ಕಪ್ಪಾಗಿತ್ತು. ಹೊರಗೆ ಬೆಳಕು ಹರಿದಂತೆ ಒಂದೊಂದೇ ಬಣ್ಣ ಕಾಣಿಸಿಕೊಂಡಿತು. ವಿಶ್ವಾಸಪ್ರಮಾಣದಲ್ಲಿ ಆ ಸಾಲು ಬಂದಾಗ ಹೆಂಡತಿ ನನ್ನ ಕಡೆ ನೋಡಿದಳು. ಎಲ್ಲರ ದನಿಯೊಳಗೆ ನಾನೂ ಹೇಳಿದೆ, ಮೆಲ್ಲಗೆ.

ಮಾನ್ಯರೇ, ನೀವು ಕೇಳಿದ್ದಕ್ಕೆ ಇದೇ ನನ್ನ ಉತ್ತರ. ದಾಖಲೆಗಳು ಇನ್ನೂ ತಾಳೆಯಾಗಿಲ್ಲ. ಆಗುವವೆಂದು ಕಾಯುವುದನ್ನೂ ಬಿಟ್ಟಿದ್ದೇನೆ. ಆದರೆ ಮೇದಕಿಗೆ ಹೊರಡುವ ಮುನ್ನ ನಮ್ಮ ಬಾಗಿಲಿಗೆ ನಕ್ಷತ್ರ ಕಟ್ಟಿದೆವು. ನಾನು ಏಣಿ ಹತ್ತಿದೆ; ಅವಳು ಕೆಳಗೆ ನಿಂತು ಹಿಡಿದುಕೊಂಡಿದ್ದಳು.