ಸೂರೋ, ಬಯಲೋ?

ಯಡಿಯೂರು ಕೆರೆಯ ಬಳಿಯಿರುವ ನಮ್ಮ ಮನೆಯಲ್ಲಿ, ಬೇಸಗೆಯ ರಜೆ ಬಂದೊಡನೆ, ಮಕ್ಕಳ ಜಲಕ್ರೀಡೆಯ ವಿಚಾರವಾಗಿ ಚರ್ಚೆಯೆದ್ದಿತು. ಕಿರಿಯವನಿಗೆ ಉಬ್ಬಸ. ಬಿಸಿಲು ತಾಗದಿರಲೆಂದು, ಸೂರಿನೊಳಗಣ ಕೊಳವೇ ಲೇಸೆಂದು ನಾನು ಹಟ ಹಿಡಿದೆನು. ಅಲ್ಲಿ ಅರ್ಧ ಗಂಟೆಯೊಳಗೆ ಮಗು ಕೆಮ್ಮಿ ಬಳಲಿತು. ನೀರಿಗೆ ಬೆರೆಸಿದ ಕ್ಲೋರಿನ್ ಜನರ ಬೆವರು ಮೂತ್ರಗಳೊಡನೆ ಕೂಡಿ ಹುಟ್ಟುವ ಘಾಟು ಮುಚ್ಚಿದ ಕಟ್ಟಡದಲ್ಲಿ ಕವಿದು ನಿಲ್ಲುವುದೆಂದು ವೈದ್ಯರು ತಿಳಿಸಿದರು.

“ಗಾಳಿಯಾಡದ ಮೇಲೆ ಸೂರಿದ್ದು ಫಲವೇನು?” ಎಂದಳು ನನ್ನ ಮಡದಿ.

ವೈದ್ಯರ ಅನುಮತಿ ಪಡೆದು, ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ವಿಹಾರೋದ್ಯಾನದ ಬಯಲು ಕೊಳಗಳಿಗೆ ಹೋದೆವು. ಬಿಸಿಲಿಳಿದ ಮೇಲೆಯೇ ಮಗುವನ್ನು ನೀರಿಗೆ ಬಿಟ್ಟೆವು. ಅವನು ಕೆಮ್ಮಲಿಲ್ಲ, ನಕ್ಕನು.

ಸೂರಾಗಲಿ ಬಯಲಾಗಲಿ, ಮೊದಲು ಮಿಂದು ಕೊಳಕ್ಕಿಳಿಯುವುದು ಗೃಹಸ್ಥರ ಧರ್ಮ. ನಮ್ಮ ಮೈಯ ಕೊಳೆ ಪರರ ಮಗುವಿನ ಉಸಿರಿಗೆ ಕಂಟಕವಾಗಬಾರದಷ್ಟೆ!