ಗಡಿಯಾಚೆಯ ಅಕ್ಕನ ಮನೆ

ಕೊಕಟನೂರಿನ ನಮಗೆ ಗಡಿ ಎಂದರೆ ನಕ್ಷೆಯ ಮೇಲಿನ ಗೆರೆ ಅಲ್ಲ. ಅಕ್ಕನನ್ನು ಕೊಟ್ಟಿರುವುದು ಮಹಾರಾಷ್ಟ್ರದ ಜತ್ತ ತಾಲೂಕಿಗೆ. ಆ ಮನೆಯ ಮಾತು ಕನ್ನಡ, ಹೊಲದ ಉತಾರ ಮರಾಠಿ. ನಮ್ಮೂರ ಯಲ್ಲಮ್ಮನ ಜಾತ್ರೆಗೆ ಆ ಕಡೆಯವರು ಬರುತ್ತಾರೆ, ದೊಡ್ಡ ಕಾಯಿಲೆಯಾದರೆ ನಾವು ಮಿರಜದ ದವಾಖಾನೆಗೆ ಹೋಗುತ್ತೇವೆ. ಇದರಲ್ಲಿ ಯಾರಿಗೂ ವಿಶೇಷ ಕಂಡಿರಲಿಲ್ಲ.

2022ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಗಡಿ ದಾಟುವ ಬಸ್ಸುಗಳು ನಿಂತವು. ಹಾಸಿಗೆ ಹಿಡಿದಿದ್ದ ಅವ್ವನನ್ನು ನೋಡಲು ಹೊರಟಿದ್ದ ಅಕ್ಕ ಫೋನಿನಲ್ಲೇ ಅತ್ತಳು. "ಬಸ್ಸು ಬಂದ್ ಅಂತಪ್ಪ. ಅವ್ವಗ ಏನಂತ ಹೇಳ್ತೀರಿ?" ನಾವು ಇದ್ದದ್ದನ್ನೇ ಹೇಳಿದೆವು. ಅವ್ವ ಕೇಳಿದಳು: "ನನ್ನ ಮಗಳ ಊರು ಯಾವಾಗ ಪರದೇಶ ಆತು?"

ಜಗಳ 1956ರ ರಾಜ್ಯ ಪುನರ್ವಿಂಗಡಣೆಯಷ್ಟು ಹಳೆಯದು. 1967ರಲ್ಲಿ ಮಹಾಜನ ಆಯೋಗ ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿ, 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಕೊಡಲು ಹೇಳಿತು. ನಮ್ಮವರು ಒಪ್ಪಿದರು, ಅವರು ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಶಕ ಕಳೆದರೂ ತೀರ್ಪು ಬಂದಿಲ್ಲ. 2022ರ ಗಲಾಟೆಯ ನಂತರ ದೆಹಲಿಯಲ್ಲಿ ಸಭೆ ನಡೆದು, ಎರಡೂ ಕಡೆಯ ತಲಾ ಮೂವರು ಸಚಿವರು ಕೂತು ಮಾತಾಡಬೇಕೆಂದು ತೀರ್ಮಾನವಾಯಿತು.

ಇಂಥ ಜಗಳ ನಮ್ಮದೊಂದೇ ಅಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಕಿರ್ಗಿಜಿಸ್ತಾನ ಮತ್ತು ತಜಿಕಿಸ್ತಾನಗಳ ನಡುವೆ ಸುಮಾರು 1,000 ಕಿ.ಮೀ. ಗಡಿ ಉಳಿಯಿತು. ಅದರಲ್ಲಿ ಎಷ್ಟೋ ಕಡೆ ಗೆರೆ ಎಲ್ಲಿದೆ ಎಂಬುದೇ ತಕರಾರು. 2021ರ ಏಪ್ರಿಲಿನಲ್ಲಿ ಕಾಲುವೆಗೆ ನೀರು ಬಿಡುವ ಜಾಗದಲ್ಲಿ ಎದ್ದ ಜಗಳ ಗುಂಡಿನ ಕಾಳಗವಾಯಿತು. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಹೆಣಗಳು ಬಿದ್ದವು. ಕೊನೆಗೆ 2025ರ ಮಾರ್ಚ್ 13ರಂದು ಬಿಷ್ಕೆಕ್‌ನಲ್ಲಿ ಇಬ್ಬರು ಅಧ್ಯಕ್ಷರೂ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಭೂಮಿಯ ಜೊತೆಗೆ ನೀರು ಮತ್ತು ರಸ್ತೆಯ ಮಾತೂ ಅಲ್ಲಿ ಇತ್ಯರ್ಥವಾಯಿತು. ಅದು ಪುಕ್ಕಟೆ ಸಿಗಲಿಲ್ಲ. ಭೂಮಿಯ ಅದಲು ಬದಲಿನಲ್ಲಿ ದೋಸ್ತುಕ್ ಎಂಬ ಹಳ್ಳಿಯ ಕಿರ್ಗಿಜ್ ಕುಟುಂಬಗಳು ಮನೆ ಬಿಡಬೇಕಾಯಿತು. ಆ ಹೆಸರಿನ ಅರ್ಥ ನಮ್ಮ 'ದೋಸ್ತಿ'ಯೇ.

ನಮ್ಮಲ್ಲಿ ಎರಡು ರಾಜ್ಯಗಳ ನಡುವೆ ಗುಂಡಿನ ಕಾಳಗ ನಡೆದಿಲ್ಲ, ಯಾರೂ ಮನೆ ಬಿಡಬೇಕಾಗಿಯೂ ಇಲ್ಲ. ಹಾಗಾದರೆ ನೀರಿನ ಮಾತಿಗೆ ಅಡ್ಡಿ ಏನು? ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ನಾವು ಕೊಯ್ನಾ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳುತ್ತೇವೆ. ಜತ್ತದ ಹಳ್ಳಿಗಳು ನಮ್ಮ ತುಬಚಿ-ಬಬಲೇಶ್ವರ ಯೋಜನೆಯ ನೀರು ಕೇಳುತ್ತವೆ. ಅತ್ತ ಅವರಿಗೆ ಬಾಯಾರಿಕೆ, ಇತ್ತ ನಮಗೆ. ಗೆರೆಯ ವಿಚಾರ ಕೋರ್ಟು ತೀರ್ಮಾನಿಸಲಿ. ನೀರು, ಬಸ್ಸು, ಮಕ್ಕಳ ಕನ್ನಡ ಶಾಲೆ, ಮರಾಠಿ ಶಾಲೆ ಇವು ತೀರ್ಪಿಗೆ ಕಾಯಬೇಕಿಲ್ಲ.

ಅಕ್ಕ ಮೂರನೆಯ ದಿನ ಊರಿನವರೊಬ್ಬರ ಮೋಟರ್ ಸೈಕಲ್ಲಿನ ಮೇಲೆ ಬಂದಳು. ದಾರಿಯಲ್ಲಿ ಯಾರೂ ತಡೆಯಲಿಲ್ಲವಂತೆ. ಅವ್ವ ಆಕೆಯ ಕೈ ಹಿಡಿದುಕೊಂಡು, "ಗಡಿ ಎಲ್ಲೈತವ್ವಾ, ನಿನಗ ಕಂಡಿತೇನು?" ಎಂದಳು. ಅಕ್ಕನಿಗೆ ಕಂಡಿರಲಿಲ್ಲ.